ಇಪ್ಪತ್ತು ಜನರಿಲ್ಲದ ಅಂಗಡಿಯಲ್ಲೂ ಪಿಂಚಣಿ: ಸಣ್ಣ ಉದ್ಯಮದ ಮಾಲೀಕರಿಗೂ ನೌಕರರಿಗೂ ಒಂದು ಸಮಗ್ರ ಮಾರ್ಗದರ್ಶಿ

ಪಿಂಚಣಿಯ ಮಾತು ಎತ್ತಿದ ಕೂಡಲೇ ಸಣ್ಣ ಉದ್ಯಮದ ಮಾಲೀಕರು ಕೊಡುವ ಉತ್ತರ ಸಿದ್ಧವಾಗಿರುತ್ತದೆ: "ನಮ್ಮಲ್ಲಿ ಇಪ್ಪತ್ತು ಜನ ಇಲ್ಲ, ನಮಗೆ ಪಿ.ಎಫ್. ಬರುವುದಿಲ್ಲ." ಮಾತಿನ ಮೊದಲರ್ಧ ನಿಜವಿರಬಹುದು. ಎರಡನೆಯ ಅರ್ಧ ತಪ್ಪು. ಇಪ್ಪತ್ತು ಜನರಾದರೆ ಪಿ.ಎಫ್. (ನೌಕರರ ಭವಿಷ್ಯ ನಿಧಿ) ಕಡ್ಡಾಯ, ಇಪ್ಪತ್ತಕ್ಕೆ ಕಡಿಮೆ ಇದ್ದರೆ ಅದು ಮಾಲೀಕರ ಮತ್ತು ನೌಕರರ ಇಷ್ಟಕ್ಕೆ ಬಿಟ್ಟದ್ದು. ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದ ಕಾರಣಕ್ಕೆ ಬೇಕರಿ, ಗ್ಯಾರೇಜು, ಮುದ್ರಣಾಲಯ, ಬಟ್ಟೆ ಅಂಗಡಿಗಳಲ್ಲಿ ಮೂವತ್ತು ವರ್ಷ ದುಡಿದವರು ಅರವತ್ತರ ಹೊತ್ತಿಗೆ ಮಕ್ಕಳ ಮುಖ ನೋಡುವಂತಾಗುತ್ತದೆ.

ಸರ್ಕಾರದ ಯೋಜನೆಗಳು ಹಲವಿವೆ. ಆದರೆ ದುಡಿಸಿಕೊಳ್ಳುವವರ ಹಣವೂ ನೌಕರರ ಖಾತೆಗೆ ನಿಯಮದ ಪ್ರಕಾರವೇ ತಿಂಗಳು ತಿಂಗಳು ಸೇರುವುದು ಪಿ.ಎಫ್.ನಲ್ಲಿ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು. ಅಟಲ್ ಪಿಂಚಣಿ, ಶ್ರಮಯೋಗಿ ಮಾನಧನ್, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಇವುಗಳನ್ನು ನಾನು ಪಿ.ಎಫ್.ಗೆ ಪೂರಕವೆಂದೋ, ಪಿ.ಎಫ್. ಸಿಗದವರ ಆಸರೆಯೆಂದೋ ನೋಡುತ್ತೇನೆ.

ಹಂತ 1: ತಲೆ ಎಣಿಸಿ, ಪ್ರಾಮಾಣಿಕವಾಗಿ

ಎಣಿಕೆಯಲ್ಲೇ ಹೆಚ್ಚಿನವರು ಜಾರುವುದು. ಗುತ್ತಿಗೆದಾರರ ಮೂಲಕ ಬಂದವರು, ಅರ್ಧ ದಿನದ ಕೆಲಸಗಾರರು, ದಿನಗೂಲಿಯವರು, ಇನ್ನೊಂದು ಬಡಾವಣೆಯ ಶಾಖೆಯಲ್ಲಿರುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. 15,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರನ್ನು ಸದಸ್ಯರನ್ನಾಗಿ ಮಾಡುವುದು ಕಡ್ಡಾಯವಲ್ಲದಿದ್ದರೂ ತಲೆ ಎಣಿಕೆಯಲ್ಲಿ ಅವರೂ ಒಬ್ಬರೇ. ಮನೆಯಲ್ಲಿ ಕುಳಿತು ಕೆಲಸ ಮಾಡಿಕೊಡುವವರು ನೌಕರರಲ್ಲ ಎಂಬ ವಾದವೂ ನಿಲ್ಲದು. ಬೀಡಿ ಕಟ್ಟುವವರು ಮನೆಯಲ್ಲೇ ಕುಳಿತು ಕಟ್ಟಿದರೂ ಪಿ.ಎಫ್.ಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ತೀರ್ಪು ಕೊಟ್ಟಿದೆ. ಕರಾವಳಿಯ ಎಷ್ಟೋ ಮನೆಗಳಿಗೆ ಪಿ.ಎಫ್. ಹೆಸರು ಪರಿಚಯವಾದದ್ದು ಬೀಡಿಯ ದೆಸೆಯಿಂದ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನು ಜಾರಿಗೆ ಬಂದಿತು. ಅದರಲ್ಲೂ ಇಪ್ಪತ್ತರ ಗಡಿ ಹಾಗೆಯೇ ಇದೆ. ಒಮ್ಮೆ ಸಂಸ್ಥೆ ಈ ಗಡಿ ಮುಟ್ಟಿ ವ್ಯಾಪ್ತಿಗೆ ಬಂದರೆ, ಮುಂದಿನ ತಿಂಗಳು ನಾಲ್ಕು ಜನ ಬಿಟ್ಟು ಹೋದರೂ ಹೊಣೆ ಕಳಚುವುದಿಲ್ಲ. ಹತ್ತೊಂಬತ್ತಕ್ಕೆ ನಿಲ್ಲಿಸಿ ಇಪ್ಪತ್ತನೆಯವರ ಹೆಸರನ್ನು ಪುಸ್ತಕದಲ್ಲಿ ಬರೆಯದೆ ಉಳಿಸುವ ಜಾಣತನವನ್ನು ಬಹಳ ಕಡೆ ಕಂಡಿದ್ದೇನೆ. ತಪಾಸಣೆಯ ದಿನ ಅದು ಬಾಕಿ, ಬಡ್ಡಿ, ದಂಡ ಮೂರನ್ನೂ ಸೇರಿಸಿಕೊಂಡು ಎದುರಿಗೆ ನಿಲ್ಲುತ್ತದೆ.

ಹಂತ 2: ಖರ್ಚಿನ ಲೆಕ್ಕ ಹಾಕಿ

ತಿಂಗಳಿಗೆ 15,000 ರೂಪಾಯಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಪಡೆಯುವ ಒಬ್ಬ ನೌಕರರನ್ನು ತೆಗೆದುಕೊಳ್ಳಿ. ಅವರ ವೇತನದಿಂದ ಶೇ. 12, ಅಂದರೆ 1,800 ರೂಪಾಯಿ ಕಡಿತವಾಗುತ್ತದೆ. ಮಾಲೀಕರು ತಮ್ಮ ಕಡೆಯಿಂದ ಇನ್ನೊಂದು 1,800 ಹಾಕುತ್ತಾರೆ. ಮಾಲೀಕರ ಈ ಪಾಲಿನಲ್ಲಿ ಶೇ. 8.33ರ ಲೆಕ್ಕದಲ್ಲಿ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 550 ಮಾತ್ರ ನೌಕರರ ಭವಿಷ್ಯ ನಿಧಿಗೆ. ಇದರ ಮೇಲೆ ಠೇವಣಿ ಆಧಾರಿತ ವಿಮೆಗೆ ಶೇ. 0.5 ಮತ್ತು ಆಡಳಿತ ಶುಲ್ಕ ಶೇ. 0.5, ಅಂದರೆ 75 ಮತ್ತು 75. ಅಲ್ಲಿಗೆ ಒಬ್ಬ ನೌಕರರ ಮೇಲೆ ಮಾಲೀಕರಿಗೆ ಬೀಳುವ ಹೊರೆ 1,950 ರೂಪಾಯಿ. ಎಂಟು ಜನರಿದ್ದರೆ ತಿಂಗಳಿಗೆ 15,600. ಆಡಳಿತ ಶುಲ್ಕಕ್ಕೆ ಇಡೀ ಸಂಸ್ಥೆಗೆ ಕನಿಷ್ಠ 500 ರೂಪಾಯಿ ಎಂಬ ನಿಯಮವಿದೆ. ಮೂರು ನಾಲ್ಕು ಜನರ ಅಂಗಡಿಗೆ ಇದು ಸ್ವಲ್ಪ ಚುಚ್ಚುತ್ತದೆ.

ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳು ಶೇ. 12ರ ಬದಲು ಶೇ. 10 ಕಟ್ಟಲು ಅವಕಾಶವಿದೆ. ಮೇಲ್ನೋಟಕ್ಕೆ ಇಬ್ಬರಿಗೂ ಹಗುರ. ಆದರೆ ಪಿಂಚಣಿಯ ಶೇ. 8.33 ಕದಲುವುದಿಲ್ಲ, ಆದ್ದರಿಂದ ಕಡಿತವೆಲ್ಲ ಭವಿಷ್ಯ ನಿಧಿಯ ಪಾಲಿನ ಮೇಲೆಯೇ ಬೀಳುತ್ತದೆ. ಮಾಲೀಕರಿಂದ ಆ ಖಾತೆಗೆ ಬರುತ್ತಿದ್ದ 550 ರೂಪಾಯಿ 250ಕ್ಕೆ ಇಳಿಯುತ್ತದೆ. ಕೈಲಾದರೆ ಶೇ. 12ರಲ್ಲೇ ಇರಿ ಎಂದು ನಾನು ಹೇಳುವುದು ಇದಕ್ಕೇ.

ಇದರಿಂದ ನೌಕರರಿಗೆ ಸಿಗುವುದೇನು? ಈಚಿನ ವರ್ಷಗಳ ಬಡ್ಡಿ ದರ ಶೇ. 8.25. ಇದೇ ದರ ಉಳಿಯಿತು, ವೇತನ ಒಂದು ರೂಪಾಯಿಯೂ ಏರಲಿಲ್ಲ ಎಂದುಕೊಂಡರೂ 15 ವರ್ಷಕ್ಕೆ ಭವಿಷ್ಯ ನಿಧಿ ಎಂಟು ಲಕ್ಷ ದಾಟುತ್ತದೆ. ಜೊತೆಗೆ 58ನೇ ವಯಸ್ಸಿನಿಂದ ಪಿಂಚಣಿ. ಪಿಂಚಣಿಯ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು, ಗರಿಷ್ಠ 15,000ದ ಮಿತಿಯೊಳಗೆ, ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 15 ವರ್ಷಕ್ಕೆ ತಿಂಗಳಿಗೆ 3,214 ರೂಪಾಯಿ. ಕನಿಷ್ಠ 10 ವರ್ಷದ ಸೇವೆ ಇರಲೇಬೇಕು. ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಕುಟುಂಬ ಪಿಂಚಣಿಯೂ ಇದೆ. ಈ ವಿಮೆಗೆ ನೌಕರರ ಜೇಬಿನಿಂದ ಒಂದು ಪೈಸೆಯೂ ಹೋಗುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ವೇತನ ಚೀಟಿಯಲ್ಲಿ ಮೂಲ ವೇತನವನ್ನು ನಾಲ್ಕೈದು ಸಾವಿರಕ್ಕೆ ಇಳಿಸಿ ಉಳಿದುದನ್ನೆಲ್ಲ 'ವಿಶೇಷ ಭತ್ಯೆ' ಎಂದು ಬರೆಯುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆಯೂ ವೇತನವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಹೇಳಿತು. ಹೊಸ ಸಂಹಿತೆಯಂತೂ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸುತ್ತದೆ.

ಹಂತ 3: ಸ್ವಯಂಪ್ರೇರಿತ ನೋಂದಣಿ

ಮಾಲೀಕರ ಒಪ್ಪಿಗೆಯ ಜೊತೆಗೆ ನೌಕರರಲ್ಲಿ ಬಹುಮತದವರ ಒಪ್ಪಿಗೆಯೂ ಬೇಕು. ಮೊದಲು ಎಲ್ಲರನ್ನೂ ಕೂರಿಸಿಕೊಂಡು ಕೈಗೆ ಬರುವ ಸಂಬಳ ಎಷ್ಟು ಕಡಿಮೆಯಾಗುತ್ತದೆ, ಖಾತೆಗೆ ಎಷ್ಟು ಸೇರುತ್ತದೆ ಎಂಬುದನ್ನು ಹಾಳೆಯ ಮೇಲೆ ಬರೆದು ತೋರಿಸಿ. ಈ ಮಾತುಕತೆಯನ್ನು ಬಿಟ್ಟು ನೇರವಾಗಿ ಸಹಿ ಹಾಕಿಸಿಕೊಂಡರೆ ಮೊದಲ ಕಡಿತದ ತಿಂಗಳೇ ಜಗಳ ಶುರುವಾಗುತ್ತದೆ. ಕಿರಿಯ ನೌಕರರಿಗೆ 1,800 ರೂಪಾಯಿ ಎಂದರೆ ಊರಿಗೆ ಕಳಿಸುವ ಹಣ. ಅವರ ಅನುಮಾನಕ್ಕೆ ಬೆಲೆಯಿದೆ.

ಆಮೇಲೆ ಕೇಂದ್ರ ಕಾರ್ಮಿಕ ಸಚಿವಾಲಯದ ಶ್ರಮ ಸುವಿಧಾ ಜಾಲತಾಣದಲ್ಲಿ ಲಾಗಿನ್ ತೆರೆದು ಭವಿಷ್ಯ ನಿಧಿಯ ನೋಂದಣಿ ಅರ್ಜಿ ತುಂಬಬೇಕು. ಸ್ವಯಂಪ್ರೇರಿತ ಎಂಬ ಆಯ್ಕೆ ಅಲ್ಲೇ ಇದೆ. ಸಂಸ್ಥೆಯ ಅಥವಾ ಮಾಲೀಕರ ಪ್ಯಾನ್, ವಿಳಾಸದ ಪುರಾವೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಪತ್ರ ಅಥವಾ ಕಾರ್ಖಾನೆ ಪರವಾನಗಿ, ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿ ಇದ್ದರೆ ಅದು, ರದ್ದುಪಡಿಸಿದ ಚೆಕ್, ಮಾಲೀಕರ ಡಿಜಿಟಲ್ ಸಹಿ, ನೌಕರರ ಪಟ್ಟಿ ಮತ್ತು ಅವರ ಒಪ್ಪಿಗೆ ಪತ್ರ, ಇಷ್ಟನ್ನು ಮೊದಲೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಅಂಗಡಿಯ ಹೆಸರು ಈ ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇರಲಿ. ನೋಂದಣಿಯಾದ ಮೇಲೆ ಸಂಸ್ಥೆಗೆ ಒಂದು ಕೋಡ್ ಸಂಖ್ಯೆ ಸಿಗುತ್ತದೆ.

ಹೊಸಬರನ್ನು ತೆಗೆದುಕೊಳ್ಳುವ ಯೋಚನೆಯಿದ್ದರೆ ಇದು ಒಳ್ಳೆಯ ಸಮಯ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಬಾರಿಗೆ ಪಿ.ಎಫ್. ಸದಸ್ಯರಾಗುವವರಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ಸಿಗುತ್ತದೆ. ಮಾಲೀಕರಿಗೂ ಪ್ರತಿ ಹೆಚ್ಚುವರಿ ನೌಕರರಿಗೆ ತಿಂಗಳಿಗೆ ಗರಿಷ್ಠ 3,000 ರೂಪಾಯಿವರೆಗೆ ಎರಡು ವರ್ಷ ಪ್ರೋತ್ಸಾಹಧನವಿದೆ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿಕೊಂಡು ಆರು ತಿಂಗಳಾದರೂ ಉಳಿಸಿಕೊಳ್ಳಬೇಕು.

ಹಂತ 4: ಹೆಸರು ಸರಿಪಡಿಸಿ, ಆಮೇಲೆ ಹಣ ಕಟ್ಟಿ

ಹಣ ಕಟ್ಟುವುದು ಸುಲಭ. ಹೊರಬರುವಾಗ ಅದು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ನಮ್ಮ ರಾಜ್ಯದಲ್ಲಂತೂ ಈ ತೊಂದರೆಗೆ ಕೊನೆಯಿಲ್ಲ. ಆಧಾರ್‌ನಲ್ಲಿ 'ಮಂಜುನಾಥ ಎಸ್', ಪ್ಯಾನ್‌ನಲ್ಲಿ 'ಎಸ್ ಮಂಜುನಾಥ್', ಬ್ಯಾಂಕಿನಲ್ಲಿ 'ಮಂಜುನಾಥ ಶಿವಪ್ಪ'. ಉತ್ತರ ಕರ್ನಾಟಕದವರಾದರೆ ಒಂದು ದಾಖಲೆಯಲ್ಲಿ ಮನೆತನದ ಹೆಸರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳ ಒಂದು ಕಾಗದದಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು. ಜನ್ಮ ದಿನಾಂಕದ ಕಥೆಯೂ ಅಷ್ಟೇ: ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದು ಒಂದು, ಆಧಾರ್‌ನವರು ಹಾಕಿದ್ದು ಇನ್ನೊಂದು.

ಆದ್ದರಿಂದ ಸೇರ್ಪಡೆಯ ದಿನವೇ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ. ಹೊಸ ನೌಕರರಾದರೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖದ ಗುರುತಿನ ಮೂಲಕ 12 ಅಂಕಿಗಳ ಯುಎಎನ್ ಸಂಖ್ಯೆ (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸದಸ್ಯತ್ವದ ಸಂಖ್ಯೆ) ಪಡೆಯಬೇಕು. ಹಿಂದೆ ಎಲ್ಲಾದರೂ ದುಡಿದಿದ್ದರೆ ಹೊಸದನ್ನು ಮಾಡಿಸಲೇಬೇಡಿ, ಹಳೆಯ ಸಂಖ್ಯೆಯನ್ನೇ ಕೇಳಿ ಪಡೆಯಿರಿ. ಅದಕ್ಕೆಂದೇ ಸೇರುವಾಗ ನಮೂನೆ 11ರ ಘೋಷಣೆ ಇದೆ. ಒಬ್ಬರಿಗೆ ಎರಡು ಯುಎಎನ್ ಇದ್ದರೆ ಸೇವೆಯ ವರ್ಷಗಳು ತುಂಡಾಗುತ್ತವೆ, ಪಿಂಚಣಿಗೆ ಬೇಕಾದ 10 ವರ್ಷ ತುಂಬಿದ್ದರೂ ದಾಖಲೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಸದಸ್ಯರಾದವರ ವೇತನ ಸೇರುವಾಗಲೇ 15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಗೆ ಬರುವುದಿಲ್ಲ, ಮಾಲೀಕರ ಪಾಲೂ ಪೂರ್ತಿಯಾಗಿ ಭವಿಷ್ಯ ನಿಧಿಗೇ ಹೋಗಬೇಕು. ತಪ್ಪಿ ಪಿಂಚಣಿಗೆ ಕಟ್ಟಿದರೆ ಅದನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ.

ನಾಮನಿರ್ದೇಶನವನ್ನು ಸದಸ್ಯರ ಲಾಗಿನ್‌ನಲ್ಲಿ ಆನ್‌ಲೈನ್‌ನಲ್ಲೇ ಮಾಡಬಹುದು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದವರು ಮದುವೆಯಾದ ಮೇಲೆ ಮತ್ತೆ ತುಂಬಬೇಕು, ಹಳೆಯದು ಅಲ್ಲಿಗೆ ಅಸಿಂಧು.

ಹಂತ 5: ಪ್ರತಿ ತಿಂಗಳ 15

ಹಿಂದಿನ ತಿಂಗಳ ವಂತಿಗೆಯನ್ನು ಈ ತಿಂಗಳ 15ರೊಳಗೆ ಕಟ್ಟಬೇಕು. ಮಾಲೀಕರ ಲಾಗಿನ್‌ನಲ್ಲಿ ನೌಕರರ ವೇತನದ ವಿವರವಿರುವ ಇಸಿಆರ್ ಕಡತವನ್ನು ಏರಿಸಿದರೆ ಚಲನ್ ತಯಾರಾಗುತ್ತದೆ, ನೆಟ್ ಬ್ಯಾಂಕಿಂಗ್‌ನಲ್ಲಿ ಪಾವತಿ. ಎಂಟು ಜನರ ಸಂಸ್ಥೆಗೆ ಅರ್ಧ ಗಂಟೆಯ ಕೆಲಸ. ಲೆಕ್ಕ ಬರೆಯುವವರಿಗೆ ಒಪ್ಪಿಸಿದರೂ ಪಾವತಿಯ ರಸೀದಿಯನ್ನು ನೀವೇ ಕಣ್ಣಾರೆ ನೋಡಿ.

ತಡವಾದರೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ತಿಂಗಳಿಗೆ ಶೇ. 1ರಂತೆ ದಂಡ. ನೌಕರರ ಸಂಬಳದಿಂದ ಕಡಿದುಕೊಂಡು ಕಟ್ಟದೇ ಹೋದರೆ ಅದು ನಂಬಿಕೆ ದ್ರೋಹದ ಅಪರಾಧ, ಪೊಲೀಸ್ ಪ್ರಕರಣವಾಗಬಹುದು. ಆದಾಯ ತೆರಿಗೆಯ ಪೆಟ್ಟೂ ಇತ್ತು. ನೌಕರರ ಪಾಲನ್ನು ಗಡುವಿನ ಆಚೆಗೆ ಕಟ್ಟಿದರೆ ಆ ಮೊತ್ತವನ್ನು ವ್ಯವಹಾರದ ಖರ್ಚೆಂದು ತೋರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಚಿತಪಡಿಸಿತ್ತು. ಆಗ 16ನೇ ತಾರೀಖು ಕಟ್ಟಿದರೂ ಅದೇ ಗತಿಯಾಗಿತ್ತು.

ಹಂತ 6: ಪಿ.ಎಫ್. ಇಲ್ಲದಿದ್ದರೆ, ಅಥವಾ ಅದರ ಜೊತೆಗೆ

*ಅಟಲ್ ಪಿಂಚಣಿ ಯೋಜನೆ.* 2015ರಲ್ಲಿ ಆರಂಭವಾದದ್ದು. 18ರಿಂದ 40 ವರ್ಷದೊಳಗಿನವರು, ಉಳಿತಾಯ ಖಾತೆ ಇರುವವರು ಸೇರಬಹುದು. ಪಿ.ಎಫ್. ಸದಸ್ಯರಿಗೂ ಅಡ್ಡಿಯಿಲ್ಲ. ಆದರೆ 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಹೊಸದಾಗಿ ಸೇರುವಂತಿಲ್ಲ. 60ರ ನಂತರ 1,000ದಿಂದ 5,000 ರೂಪಾಯಿವರೆಗೆ, ನೀವೇ ಆರಿಸಿಕೊಂಡಷ್ಟು, ಖಾತರಿ ಪಿಂಚಣಿ. 5,000ಕ್ಕೆ 18ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕು, 30ರಲ್ಲಿ ಸೇರಿದರೆ 577, 40ರಲ್ಲಿ 1,454. ಸದಸ್ಯರ ನಂತರ ಗಂಡ ಅಥವಾ ಹೆಂಡತಿಗೆ ಅಷ್ಟೇ ಪಿಂಚಣಿ, ಇಬ್ಬರ ನಂತರ ನಾಮಿನಿಗೆ 8.5 ಲಕ್ಷ ರೂಪಾಯಿ.

ಖಾತೆಯಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಗೆ ಆಧಾರ್ ಮತ್ತು ಮೊಬೈಲ್ ಹಿಡಿದು ಹೋದರೆ ಒಂದೇ ಅರ್ಜಿಯಲ್ಲಿ ಕೆಲಸ ಮುಗಿಯುತ್ತದೆ. ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ತಡವಾದ ಪ್ರತಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಹೆಚ್ಚುವರಿ. ಸಂಬಳ ನಗದಾಗಿ ಸಿಗುವ ಕಡೆ ಹೀಗಾಗುವುದು ಸಾಮಾನ್ಯ. ಮಾಲೀಕರು ಸಂಬಳವನ್ನು ಖಾತೆಗೇ ಹಾಕುವ ರೂಢಿ ಮಾಡಿಕೊಂಡರೆ ಈ ತೊಂದರೆ ಇರದು. ಮೂರು ಅಥವಾ ಆರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆಯೂ ಉಂಟು.

ಒಂದು ಎಚ್ಚರಿಕೆ ಮಾತ್ರ ಬೇಕು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಮೂವತ್ತು ವರ್ಷದ ನಂತರ ಸಿಗುವ 5,000 ರೂಪಾಯಿಗೆ ಇಂದಿನ 870 ರೂಪಾಯಿಯಷ್ಟೇ ಶಕ್ತಿ. ಇದೊಂದನ್ನೇ ನಂಬಿ ಕೂರಬಾರದು.

*ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್.* 2019ರದ್ದು. ತಿಂಗಳ ಆದಾಯ 15,000ದೊಳಗಿರುವ, 18ರಿಂದ 40 ವರ್ಷದ ಅಸಂಘಟಿತ ಕಾರ್ಮಿಕರಿಗೆ. ವಯಸ್ಸಿಗೆ ತಕ್ಕಂತೆ 55ರಿಂದ 200 ರೂಪಾಯಿ ಕಂತು, ಸರ್ಕಾರವೂ ಅಷ್ಟೇ ಹಾಕುತ್ತದೆ. 60ರ ನಂತರ 3,000 ರೂಪಾಯಿ. 30ನೇ ವಯಸ್ಸಿನವರಿಗೆ ಇಲ್ಲಿ 105 ರೂಪಾಯಿಯ ಕಂತು. ಅಷ್ಟೇ ಪಿಂಚಣಿಗೆ ಅಟಲ್‌ನಲ್ಲಿ 347. ಅಗ್ಗವೇನೋ ಹೌದು, ಆದರೆ ಸಂಗಾತಿಗೆ ಅರ್ಧ ಪಿಂಚಣಿ ಮಾತ್ರ, ಅಟಲ್‌ನಂತೆ ಮಕ್ಕಳಿಗೆ ದೊಡ್ಡ ಮೊತ್ತ ಬರುವುದಿಲ್ಲ. ಪಿ.ಎಫ್. ಅಥವಾ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಥವಾ ಎನ್‌ಪಿಎಸ್ ಇರುವವರು ಅರ್ಹರಲ್ಲ. ಹತ್ತು ಜನರ ಸಂಸ್ಥೆಯಲ್ಲಿ ಇಎಸ್‌ಐ ಇದ್ದೇ ಇರುವುದರಿಂದ ಈ ಯೋಜನೆ ನಿಜಕ್ಕೂ ಒದಗುವುದು ಅದಕ್ಕಿಂತ ಚಿಕ್ಕ ಅಂಗಡಿಗಳಿಗೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕ ತೋರಿಸಿ ಮೊದಲ ಕಂತನ್ನು ನಗದಾಗಿ ಕಟ್ಟಿ ಸೇರಬಹುದು.

*ಅಂಗಡಿಯ ಮಾಲೀಕರಿಗೆ.* ಏಕಮಾಲೀಕತ್ವದಲ್ಲಿ ಮಾಲೀಕರು ತಮ್ಮದೇ ಸಂಸ್ಥೆಯ ಪಿ.ಎಫ್. ಸದಸ್ಯರಾಗುವಂತಿಲ್ಲ. ವಾರ್ಷಿಕ ವಹಿವಾಟು 1.5 ಕೋಟಿಯೊಳಗಿದ್ದು ವಯಸ್ಸು 40 ಮೀರದಿದ್ದರೆ ವ್ಯಾಪಾರಿಗಳಿಗೆಂದೇ ಶ್ರಮಯೋಗಿಯ ಮಾದರಿಯ 3,000 ರೂಪಾಯಿಯ ಪಿಂಚಣಿ ಯೋಜನೆ ಇದೆ.

*ನಲವತ್ತು ದಾಟಿದವರಿಗೆ* ಈ ಮೂರೂ ಮುಚ್ಚಿದ ಬಾಗಿಲು. ಉಳಿಯುವುದು ಪಿ.ಎಫ್. ಮತ್ತು ಎನ್‌ಪಿಎಸ್. ಎನ್‌ಪಿಎಸ್ ಖಾತೆಯನ್ನು 500 ರೂಪಾಯಿಯಲ್ಲಿ ತೆರೆಯಬಹುದು, ವರ್ಷಕ್ಕೆ ಕನಿಷ್ಠ 1,000 ಕಟ್ಟಬೇಕು. ಹಣ ಷೇರು ಮತ್ತು ಸಾಲಪತ್ರಗಳಲ್ಲಿ ಹೂಡಿಕೆಯಾಗುವುದರಿಂದ ಲಾಭಕ್ಕೆ ಖಾತರಿಯಿಲ್ಲ. ನಿವೃತ್ತಿಗೆ ಐದಾರು ವರ್ಷ ಉಳಿದವರು ಷೇರಿನ ಪಾಲು ಕಡಿಮೆ ಇಟ್ಟುಕೊಳ್ಳಲಿ.

ಹಂತ 7: ನೌಕರರು ತಾವೇ ನೋಡಿಕೊಳ್ಳಬೇಕಾದದ್ದು

ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ವಂತಿಗೆ ಮತ್ತು ಶಿಲ್ಕು ಸಂದೇಶವಾಗಿ ಬರುತ್ತದೆ, ಯುಎಎನ್ ಸಕ್ರಿಯವಾಗಿರಬೇಕು ಅಷ್ಟೇ. ಎರಡು ತಿಂಗಳು ಹಣ ಬೀಳದಿದ್ದರೆ ಮೊದಲು ಮಾಲೀಕರನ್ನು ಕೇಳಿ, ಉತ್ತರ ಹಾರಿಕೆಯಾದರೆ ಭವಿಷ್ಯ ನಿಧಿ ಸಂಘಟನೆಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ವೇತನ ಚೀಟಿಯ ಸಮೇತ ದೂರು ಹಾಕಿ. ಕಚೇರಿ ದೂರವಿರುವ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಶಿಬಿರ ಸಾಮಾನ್ಯವಾಗಿ ತಿಂಗಳ 27ರಂದು ನಡೆಯುತ್ತದೆ. ಹೆಸರು ತಿದ್ದುಪಡಿಯಂಥ ಕೆಲಸಕ್ಕೆ ಅಲ್ಲಿಗೆ ಹೋಗುವುದು ಒಳ್ಳೆಯದು.

ಕೆಲಸ ಬದಲಿಸಿದಾಗ ಹಣ ತೆಗೆಯಬೇಡಿ, ವರ್ಗಾಯಿಸಿ. ತನ್ನ ಹಣದ ಮೇಲೆ ದುಡಿಯುವವರಿಗೆ ಎಂಥ ಹಕ್ಕಿನ ಭಾವನೆ ಇರುತ್ತದೆ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ತೋರಿಸಿದ್ದಾರೆ. ಮಾಲೀಕರ ಪಾಲನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಜನ ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಕಷ್ಟಕಾಲಕ್ಕೆ ಹಣ ಬೇಕೆಂಬ ಅವರ ವಾದ ನ್ಯಾಯವಾದದ್ದೇ. ಆದರೆ ಪ್ರತಿ ಬಾರಿ ಕೆಲಸ ಬಿಟ್ಟಾಗಲೂ ಪಿಂಚಣಿಯ ಹಣವನ್ನೂ ಕಿತ್ತುಕೊಂಡರೆ ಸೇವೆಯ ವರ್ಷಗಳು ಮತ್ತೆ ಸೊನ್ನೆಯಿಂದ ಶುರುವಾಗುತ್ತವೆ. ಐದು ವರ್ಷ ತುಂಬುವ ಮೊದಲು 50,000 ಅಥವಾ ಹೆಚ್ಚು ತೆಗೆದರೆ ತೆರಿಗೆ ಕಡಿತವೂ ಇದೆ.

ಹಳೆಯ ಮಾಲೀಕರು ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದರೆ ವರ್ಗಾವಣೆ ನಿಂತುಬಿಡುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರೇ ಅದನ್ನು ತಮ್ಮ ಲಾಗಿನ್‌ನಲ್ಲಿ ನಮೂದಿಸಬಹುದು. ಯಾರ ಕಾಲನ್ನೂ ಹಿಡಿಯಬೇಕಿಲ್ಲ.

ಹಂತ 8: ಪಿಂಚಣಿ ಪಡೆಯುವಾಗ

58 ತುಂಬಿದಾಗ ಭವಿಷ್ಯ ನಿಧಿಯ ಮೊತ್ತಕ್ಕೆ ನಮೂನೆ 19, ಪಿಂಚಣಿಗೆ ನಮೂನೆ 10ಡಿ, ಎರಡನ್ನೂ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಒಟ್ಟು ಸೇವೆ 10 ವರ್ಷ ತುಂಬದಿದ್ದರೆ ಪಿಂಚಣಿಯ ಬದಲು ನಮೂನೆ 10ಸಿ ಮೂಲಕ ಒಂದೇ ಗಂಟಿನ ಹಣ. ಒಂಬತ್ತು ವರ್ಷ ದುಡಿದು ನಿಲ್ಲಿಸುವ ಯೋಚನೆಯಲ್ಲಿರುವವರು ಇನ್ನೊಂದು ವರ್ಷ ಎಲ್ಲಾದರೂ ಪಿ.ಎಫ್. ಇರುವ ಕಡೆ ದುಡಿಯುವುದು ಲಾಭಕರ.

2025ರ ಜನವರಿಯಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯಬಹುದು. ಬೆಂಗಳೂರಿನಲ್ಲಿ ದುಡಿದು ಹಾಸನಕ್ಕೋ ಕುಂದಾಪುರಕ್ಕೋ ಮರಳುವವರು ಕಡತ ವರ್ಗಾವಣೆಗಾಗಿ ಅಲೆಯಬೇಕಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಟ್ಟರೆ ಸಾಕು. ನವೆಂಬರ್‌ನಲ್ಲೇ ಕೊಡಬೇಕೆಂಬ ನಿಯಮ ಇವರಿಗಿಲ್ಲ: ಕೊಟ್ಟ ದಿನದಿಂದ ಒಂದು ವರ್ಷ ಅದು ಚಾಲ್ತಿಯಲ್ಲಿರುತ್ತದೆ, ಮನೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಕೊಡಬಹುದು.